ಹೈದರಾಬಾದ್ ಕಾಣದ ಕಂಟ್ರೋಲರ್

ಮಸ್ಕಿಯ ಬಸ್ ನಿಲ್ದಾಣದಲ್ಲಿ ಹೈದರಾಬಾದಿಗೆ ಹೊರಟವರು ಯಾರೂ ಮೊಬೈಲಿನಲ್ಲಿ ದಾರಿ ಹುಡುಕುತ್ತಿರಲಿಲ್ಲ. ನೆಟ್ಟಗೆ ವಿಚಾರಣೆ ಕಿಟಕಿಗೆ ಹೋಗಿ ಕಂಟ್ರೋಲರ್ ಯಂಕೋಬನನ್ನು ಕೇಳುತ್ತಿದ್ದರು. ಯಂಕೋಬನೂ ಹಾಗೆಲ್ಲ ಸುಮ್ಮನೆ ಹೇಳುವ ಪೈಕಿಯಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಮೊದಲು ತಾನೇ ಪ್ರಶ್ನೆ ಹಾಕುತ್ತಿದ್ದ.

"ದವಾಖಾನಿಗೋ, ಮದುವಿ ಬಜಾರಕ್ಕೋ, ಬರೇ ನೋಡಾಕೋ?"

ನೋಡಲಿಕ್ಕೆ ಎಂದರೆ ಅವನ ಮುಖ ಅರಳುತ್ತಿತ್ತು. "ಶುಕ್ರವಾರ ಹೋಗಬ್ಯಾಡ್ರಿ, ಸಾಲಾರ್‌ಜಂಗ್ ಮ್ಯೂಸಿಯಂ ಬಂದ್ ಇರ್ತೈತಿ. ಬಸ್ಸಿನ್ಯಾಗ ಎಡಕ್ಕ ಕುಂದರ್ರಿ, ಬಲಕ್ಕ ಬಿಸಲು ಬಡೀತೈತಿ. ಇಮ್ಲಿಬನ್‌ದಾಗ ಇಳದ ಮ್ಯಾಲ ಆಟೋದವರು ಮುತ್ತತಾರ, ಯಾರ ಮಾರೀನೂ ನೋಡಬ್ಯಾಡ್ರಿ. ಹೊರಗ ಬಂದು ಒಂದು ಚಾ ಕುಡೀರಿ. ಚಾ ಜೋಡಿ ಉಸ್ಮಾನಿಯಾ ಬಿಸ್ಕೀಟ್ ತಿನ್ನಿ. ಆಮ್ಯಾಲ ಮುಂದಿನ ಮಾತು."

ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣದ ಹೆಸರು ಎಂದೋ ಬದಲಾಗಿದ್ದರೂ ಈ ಕಡೆಯ ಮಂದಿ ಅದನ್ನು ಇಂದಿಗೂ ಇಮ್ಲಿಬನ್ ಎನ್ನುತ್ತಾರೆ. ಆ ನಿಲ್ದಾಣದಲ್ಲಿ ಕುಡಿಯುವ ನೀರು ಯಾವ ಮೂಲೆಯಲ್ಲಿದೆ, ಯಾವ ಕಂಬದ ಹತ್ತಿರ ಕುಳಿತರೆ ಗಾಳಿ ಬರುತ್ತದೆ ಎಂಬುದೂ ಯಂಕೋಬನಿಗೆ ಗೊತ್ತಿತ್ತು. ಬಿರಿಯಾನಿ ಯಾವ ಗಲ್ಲಿಯಲ್ಲಿ ಮಧ್ಯಾಹ್ನ ಚಲೋ, ಯಾವ ಗಲ್ಲಿಯಲ್ಲಿ ಸಂಜೆ ಚಲೋ ಎಂದು ಬೇರೆಬೇರೆಯಾಗಿ ಹೇಳುತ್ತಿದ್ದ. ಹೋಗಿಬಂದವರು ಕಿಟಕಿಯಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟು, "ನೀವು ಹೇಳಿದಂಗs ಇತ್ರಿ ಸರ್" ಎಂದು ಹೋಗುತ್ತಿದ್ದರು.

ಆದರೆ ಯಂಕೋಬ ಹೈದರಾಬಾದನ್ನು ನೋಡಿರಲಿಲ್ಲ. ಹೈದರಾಬಾದ್ ಹಾಗಿರಲಿ, ಐವತ್ತು ವರ್ಷದ ಆ ಮನುಷ್ಯ ಕೃಷ್ಣಾ ನದಿಯನ್ನೇ ದಾಟಿರಲಿಲ್ಲ. ನೋಡಿದ್ದೇನೆ ಎಂದು ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲ. ನೋಡಿದ್ದೀಯಾ ಎಂದು ಅವನನ್ನು ಯಾರೂ ಕೇಳಿರಲೂ ಇಲ್ಲ. ಇಪ್ಪತ್ತಾರು ವರ್ಷ ಡ್ರೈವರುಗಳೂ ಕಂಡಕ್ಟರುಗಳೂ ಅವನ ಮೇಜಿನ ಮುಂದೆ ನಿಂತು ಸಹಿ ಹಾಕುತ್ತ, ಚಹಾ ಹೀರುತ್ತ ಆಡಿದ ಮಾತನ್ನೆಲ್ಲ ಅವನು ಒಂದಕ್ಷರ ಚೆಲ್ಲದೆ ಕೂಡಿಟ್ಟುಕೊಂಡಿದ್ದ, ಅಷ್ಟೇ.

ಹೋಗದಿರಲು ಕಾರಣ ಅವನ ಹೊಟ್ಟೆ. ಬಸ್ ಹತ್ತಿದರೆ ಯಂಕೋಬನಿಗೆ ವಾಂತಿಯಾಗುತ್ತಿತ್ತು.

ನೌಕರಿ ಸಿಕ್ಕಾಗ ಅವನು ಕಂಡಕ್ಟರ್. ಲಿಂಗಸುಗೂರಿನಿಂದ ಗುರುಗುಂಟಾ ಕಡೆಯ ಬಸ್ಸಿಗೆ ಹಾಕಿದ್ದರು. ಮೊದಲ ದಿನವೇ ಟಿಕೆಟ್ ಹರಿಯುತ್ತ ಹರಿಯುತ್ತ ಬಾಗಿಲಿಗೆ ಓಡಿ ಬಗ್ಗಿದವನು ಮತ್ತೆ ನೆಟ್ಟಗಾದದ್ದು ಊರು ಬಂದ ಮೇಲೆಯೇ. ಎರಡನೆಯ ದಿನ ಹಾಗೇ ಆಯಿತು, ಮೂರನೆಯ ದಿನವೂ ಬದಲಾಗಲಿಲ್ಲ. ನಾಲ್ಕನೆಯ ದಿನದಿಂದ ಸಂತೆಗೆ ಬರುವ ಹೆಣ್ಣುಮಕ್ಕಳು ಕಂಡಕ್ಟರನಿಗೆಂದು ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬರತೊಡಗಿದರು. ಹನ್ನೊಂದನೆಯ ದಿನ ಮೇಲಿನವರು ಕರೆದು, "ಆರಾಮ ಆಗೂತನಕ ಕೌಂಟರ್‌ದಾಗ ಕುಂದ್ರಪಾ" ಎಂದರು. ಆಗ ಕುಳಿತವನು ಇನ್ನೂ ಎದ್ದಿರಲಿಲ್ಲ. ಲಿಂಗಸುಗೂರು, ಸಿಂಧನೂರು ಮುಗಿಸಿ ಮಸ್ಕಿಗೆ ಬರುವಷ್ಟರಲ್ಲಿ ಆ ಹನ್ನೊಂದು ದಿನ ಕಂಡವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು, ಇಲ್ಲವೇ ಬೇರೆ ಕಡೆ ಹೋಗಿದ್ದರು.

ಗಾಳಿ ಬಡಿಯುವ ವಾಹನವಾದರೆ ಅವನಿಗೆ ತೊಂದರೆಯಿಲ್ಲ. ತನ್ನ ಮದುವೆಗೂ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡೇ ಬಂದಿದ್ದ. ಸರಕಾರಿ ನೌಕರಿಯಿದ್ದರೂ ಎಷ್ಟು ಸಾದಾ ಮನುಷ್ಯ ಎಂದು ಬೀಗರು ಮೆಚ್ಚಿದ್ದರು. ಅಸಲು ಸಂಗತಿ ಹೆಂಡತಿ ಭಾರತಿಗೆ ವಾರದೊಳಗೆ ಗೊತ್ತಾಯಿತು. ಆಕೆ ತುರ್ವಿಹಾಳದ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವವಳು, ದಾರಿಯಲ್ಲಿ ನೋಟ್‌ಬುಕ್ ತಿದ್ದುವವಳು. ಗಂಡನ ಗುಟ್ಟನ್ನು ಇಪ್ಪತ್ತೆರಡು ವರ್ಷ ಕಾಪಾಡಿದಳು. ಈ ವರ್ಷ ಸೆಪ್ಟೆಂಬರಿನಲ್ಲಿ ಮಾತ್ರ ಅವಳ ತಾಳ್ಮೆ ಮುಗಿಯಿತು.

ಪಕ್ಕದ ಮನೆ ಮಕ್ತುಮ್‌ಸಾಬನದು. ಬಸ್ ನಿಲ್ದಾಣದ ಎದುರಿಗೆ ಅವನ ಟೈಲರ್ ಅಂಗಡಿ. ನಿಲ್ದಾಣದ ಅರ್ಧ ಸಿಬ್ಬಂದಿಯ ಖಾಕಿ ಹೊಲಿಯುವವನು ಅವನೇ, ಯಂಕೋಬನ ಜೀವದ ಗೆಳೆಯನೂ ಅವನೇ. ಒಂದು ಭಾನುವಾರ ಮುಂಜಾನೆ ಯಂಕೋಬ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ ಗೋಡೆಯ ಆಚೆಯಿಂದ ಮಕ್ತುಮ್‌ಸಾಬನ ಹೆಂಡತಿ ಹಾಜಿರಾಬೀ, ಈಚೆಯಿಂದ ಭಾರತಿ, ಇಬ್ಬರೂ ಮಾತು ಮುಗಿಸಿ ನಗುತ್ತ ನಿಂತಿದ್ದರು.

"ಅಣ್ಣಾರ, ದಸರಾ ಸೂಟಿಗೆ ನಾಲ್ಕೂ ಮಂದಿ ಹೈದರಾಬಾದಿಗೆ ಹೋಗೋದು ಪಕ್ಕಾ ಆತು," ಎಂದಳು ಹಾಜಿರಾಬೀ. "ನಮ್ಮನೆಯವರನ್ನ ನಂಬಿ ಹೋದ್ರ ಕಳದುಹೋಗ್ತೀನಿ. ನೀವು ಇರ್ತೀರಲ್ಲ, ನನಗ ಯಾ ಅಂಜಿಕಿನೂ ಇಲ್ಲ."

ಯಂಕೋಬ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಒಳಗೆ ಬಂದು ಹೆಂಡತಿಯನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದಿದ್ದ. ಅವಳೇ ಮೊದಲು ಶುರುಮಾಡಿದಳು.

"ನೋಡ್ರಿ, ಹುಸೇನ್ ಸಾಗರದ ನಡುವ ಬುದ್ಧ ನಿಂತಾನಂತ. ಬೋಟಿನ್ಯಾಗ ಹೋಗಿ ಪಾದಾ ಮುಟ್ಟಬೇಕು ಅನ್ನೂದು ನನ್ನ ಮದುವಿಗಿಂತ ಮೊದಲಿನ ಆಸೆ. ಊರ ಮಂದಿಗೆಲ್ಲ ದಾರಿ ಹೇಳೀರಿ. ಹೆಂಡ್ತಿಗೆ ಯಾವಾಗ ಹೇಳ್ತೀರಿ?"

"ಬೋಟು ಬ್ಯಾರೆ ಐತೇನು?" ಎಂದ ಯಂಕೋಬ ಸಣ್ಣ ದನಿಯಲ್ಲಿ.

ಇಲ್ಲವೆನ್ನುವ ಧೈರ್ಯವಾಗದೆ ಅವನು ಬೇರೆ ಉಪಾಯ ಹಿಡಿದ. ಪ್ರವಾಸದ ವೇಳಾಪಟ್ಟಿ ತಯಾರಿಸುವ ಜವಾಬ್ದಾರಿ ತಾನೇ ಹೊತ್ತುಕೊಂಡ. ಪಟ್ಟಿ ಮುಗಿಯದಿದ್ದರೆ ಪ್ರವಾಸವೂ ಹೊರಡುವುದಿಲ್ಲ ಎಂಬುದು ಅವನ ಲೆಕ್ಕ. ಮೊದಲನೆಯ ಪಟ್ಟಿ ಮೂರು ದಿನದಲ್ಲಿ ಬಂತು. ಬಸ್ಸಿನ ಪಟ್ಟಿಯಂತೆಯೇ ಗೆರೆ ಹೊಡೆದು ಆಗಮನ, ನಿರ್ಗಮನ, ನಿಲುಗಡೆ ಎಂದು ಬರೆದಿತ್ತು. ಚಾರ್‌ಮಿನಾರ್, ಆಗಮನ ಐದು ಹತ್ತು, ನಿರ್ಗಮನ ಐದು ನಲವತ್ತು. ಬಳೆ ಬಜಾರು, ನಿಲುಗಡೆ ಇಪ್ಪತ್ತು ನಿಮಿಷ.

ಹಾಜಿರಾಬೀ ಪಟ್ಟಿಯನ್ನು ಗಂಡನಿಂದ ಓದಿಸಿ ಕೇಳಿ, "ಇಪ್ಪತ್ತು ನಿಮಿಷ ಒಂದು ಕೈಗೇ ಸಾಲಂಗಿಲ್ಲ. ಇನ್ನೊಂದು ಕೈ ಮಸ್ಕಿಯೊಳಗ ಬಿಟ್ಟುಹೋಗ್ಲೇನ್ರಿ ಅಣ್ಣಾರ?" ಎಂದಳು.

"ಖರೇ ಐತಿ. ಪಟ್ಟಿ ತಿದ್ದಬೇಕಾತು," ಎಂದು ಯಂಕೋಬ ಸಂತೋಷದಿಂದ ಎದ್ದುಹೋದ.

ಊಟದ ಪಟ್ಟಿ ಇನ್ನೂ ತೊಡಕಿನದು. ಮಕ್ತುಮ್‌ಸಾಬನಿಗೆ ನಸುಕಿನಲ್ಲೇ ಎದ್ದು ನಿಹಾರಿಯ ಮಾಂಸದ ಸಾರಿನಲ್ಲಿ ಕುಲ್ಚಾ ರೊಟ್ಟಿ ಅದ್ದಿ ತಿನ್ನಬೇಕು. ಭಾರತಿಗೆ ಹೈದರಾಬಾದಿನಲ್ಲೇ ಕುಳಿತು ಹೈದರಾಬಾದಿನ ಬಿರಿಯಾನಿ ತಿನ್ನಬೇಕು. ಹಾಜಿರಾಬೀಗೂ ಅದೇ ಇರಬಹುದೆಂದು ಯಂಕೋಬ ಬರೆದುಕೊಳ್ಳುತ್ತಿದ್ದಾಗ ಆಕೆ ಕೈ ಅಡ್ಡ ಹಿಡಿದಳು.

"ಬಿರಿಯಾನಿ ಬ್ಯಾಡ್ರಿ. ಹುಟ್ಟಿದಾಗಿಂದ ಪ್ರತಿ ಮದುವ್ಯಾಗೂ ಅದನ್ನs ತಿಂದೀನಿ, ಅರ್ಧಾ ಮದುವ್ಯಾಗ ನಾನs ಮಾಡೀನಿ. ನನಗ ಎಸಿ ಇರೋ ಹೋಟೆಲಿನ್ಯಾಗ ಕುಂತು, ಬ್ಯಾರೆ ಯಾರರ ಮಾಡಿದ ಮಸಾಲಿ ದೋಸೆ ತಿನ್ನೂದೈತಿ. ಉದ್ದಂದು."

"ದೋಸೆ ಸಿಂಧನೂರಾಗೂ ಸಿಗ್ತದಲ್ಲೇ," ಎಂದ ಮಕ್ತುಮ್‌ಸಾಬ್.

"ಸಿಂಧನೂರಾಗ ನಿಮ್ಮ ಚಿಕ್ಕಮ್ಮನ ಮನಿ ಐತಿ. ದೋಸೆ ತಿಂದೀನಿ ಅಂತ ಗೊತ್ತಾದ್ರ ಅಲ್ಲೇ ಯಾಕ ಊಟಕ್ಕ ಬರಲಿಲ್ಲ ಅಂತ ಆರು ತಿಂಗಳು ಕೇಳ್ತಾಳ."

ಯಂಕೋಬ ಮತ್ತೆ ಪಟ್ಟಿ ತಿದ್ದಿದ. ಮ್ಯೂಸಿಯಂನ ಗಡಿಯಾರದಲ್ಲಿ ಗಂಟೆಗೊಮ್ಮೆ ಒಬ್ಬ ಸಣ್ಣ ಮನುಷ್ಯ ಹೊರಬಂದು ಗಂಟೆ ಬಾರಿಸುತ್ತಾನೆಂದು ಹಾಜಿರಾಬೀಗೆ ಯಾರೋ ಹೇಳಿದ್ದರು. ಹನ್ನೆರಡಕ್ಕೆ ಸರಿಯಾಗಿ ಅಲ್ಲಿರಬೇಕೆಂದು ಆಕೆಯ ಹಟ. ಅದಕ್ಕಾಗಿ ಇನ್ನೊಮ್ಮೆ ತಿದ್ದಿದ. ಏಳನೆಯ ಪಟ್ಟಿಯ ಹೊತ್ತಿಗೆ ಅವನ ಬಳಿ ಹೊಸ ತಕರಾರು ಉಳಿದಿರಲಿಲ್ಲ. ಕೊನೆಗೆ, "ರಜಾ ಸಿಗೂದು ಕಠಿಣ ಐತಿ" ಎಂದ.

"ಸಿಕ್ಕೈತಿ," ಎಂದಳು ಭಾರತಿ. "ನೀವಿಲ್ಲದಾಗ ನಿಮ್ಮ ಜಾಗಾದಾಗ ಕೂಡೋ ಶಿವರಾಜ ನಮ್ಮ ಶಾಲ್ಯಾಗ ಕಲ್ತ ಹುಡುಗನs ಅಲ್ಲಾ? ನಿನ್ನೆ ಬಸ್ಸಿನ್ಯಾಗ ಸಿಕ್ಕಿದ್ದ. ಮೂರು ದಿನ ನಾನು ನೋಡ್ಕೋತೀನ್ರಿ ಟೀಚರ್ ಅಂದಾನ."

ಹೊರಡಲು ಎಂಟು ದಿನ ಉಳಿದಿದ್ದಾಗ ಆದದ್ದು ಇದು.

ಸಂತೆಯ ದಿನ, ಹನ್ನೊಂದು ಗಂಟೆಯ ಸಮಯ, ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಯಂಕೋಬ ಮೈಕಿನಲ್ಲಿ ಲಿಂಗಸುಗೂರಿನ ಬಸ್ ಕೂಗಿ ಮುಗಿಸಿದ್ದ. ಮಕ್ತುಮ್‌ಸಾಬ್ ಎಂದಿನಂತೆ ಚಹಾಕ್ಕೆ ಬಂದು ಒಳಗೆ ಸ್ಟೂಲಿನ ಮೇಲೆ ಕುಳಿತಿದ್ದ. ಆಗ ಕಿಟಕಿಗೆ ಒಬ್ಬ ಮುದುಕಿ ಬಂದಳು. ಗುರುಗುಂಟಾದ ರೇಣುಕಮ್ಮ, ಮಗಳ ಮನೆಗೆಂದು ಮಸ್ಕಿಗೆ ಬಂದವಳು. ಬಸ್ ಕೇಳಲು ಬಾಯಿ ತೆರೆದವಳು ಯಂಕೋಬನ ಮುಖವನ್ನೇ ನೋಡುತ್ತ ನಿಂತಳು. ಹಣೆಯ ಮೇಲೆ ಕೈಯಿಟ್ಟು ಇನ್ನೊಮ್ಮೆ ನೋಡಿದಳು.

"ಯಪ್ಪಾ, ನೀ ನಮ್ಮ ನಿಂಬಿಹಣ್ಣಿನ ಕಂಡಕ್ಟರ್ ಅಲ್ಲಾ?"

ಯಂಕೋಬನ ಕೈಯಲ್ಲಿದ್ದ ಪೆನ್ನು ನಿಂತಿತು. "ಅಲ್ಲಬೇ ಯವ್ವಾ. ಎಲ್ಲಿಗೆ ಹೋಗ್ಬೇಕು ಹೇಳು."

"ಹಂಗ್ಯಾಕಂತಿ ನಮ್ಮಪ್ಪಾ. ಇದs ಮಾರಿ, ಇದs ಮೂಗು. ಟಿಕೀಟು ಕೊಡೂ ಮುಂದ ನನ್ನ ಬುಟ್ಟ್ಯಾಗs ವಾಂತಿ ಮಾಡಿದ್ದಿ. ಬದನಿಕಾಯಿ ಎಲ್ಲಾ ತೊಳದು ಮಾರಿದೆ ಆವತ್ತು. ಈಗರ ನಿಂತೈತಾ ನಿನ್ನ ವಾಂತಿ? ಔಷಧ ಏನರ ಕೊಡಿಸಿದ್ರಾ?"

ಹೊರಗೆ ಇದ್ದಕ್ಕಿದ್ದಂತೆ ಗದ್ದಲ ಅಡಗಿತ್ತು. ಯಂಕೋಬ ತಲೆಯೆತ್ತಿ ನೋಡಿದ. ಬಾಳೆಹಣ್ಣಿನವನು, ಸಾಲಿನಲ್ಲಿ ನಿಂತ ಕಾಲೇಜು ಹುಡುಗಿಯರು, ಕಟ್ಟೆಯ ಮೇಲೆ ಕುಳಿತ ಸಂತೆಯ ಮಂದಿ, ಎಲ್ಲರೂ ಮೇಲೆ ತೂಗುಹಾಕಿದ ಧ್ವನಿವರ್ಧಕದ ಕಡೆ ನೋಡುತ್ತಿದ್ದರು. ಮೈಕಿನ ಗುಂಡಿಯನ್ನು ಅವನು ಆರಿಸಿರಲಿಲ್ಲ.

ಗುಂಡಿ ಒತ್ತುವಷ್ಟರಲ್ಲಿ ರೇಣುಕಮ್ಮನ ಇನ್ನೊಂದು ಮಾತೂ ಊರಿಗೆ ಮುಟ್ಟಿತು. "ಪಾಪ, ಹನ್ನೊಂದs ದಿನಕ್ಕ ಇಳಿಸಿಬಿಟ್ರು. ಬಸ್ಸು ಆಗಿಬರಲಿಲ್ಲ ನಮ್ಮಪ್ಪಗ."

ಮಕ್ತುಮ್‌ಸಾಬ್ ಅರ್ಧ ಕುಡಿದ ಚಹಾದ ಲೋಟ ಕೆಳಗಿಟ್ಟು, ಎದ್ದು ರಸ್ತೆ ದಾಟಿ ಹೋದ.

ಆ ಮಧ್ಯಾಹ್ನವೆಲ್ಲ ಡ್ರೈವರುಗಳು ಸಹಿ ಹಾಕಲು ಬಂದಾಗ ಅವರ ಮುಖ ನೋಡಲು ಯಂಕೋಬನಿಗೆ ಧೈರ್ಯವಾಗಲಿಲ್ಲ. ಯಾರೋ ಕಿಟಕಿಯಲ್ಲಿ ಎರಡು ನಿಂಬೆಹಣ್ಣು ಇಟ್ಟುಹೋಗಿದ್ದರು. ಅವನಿಗೆ ಚುಚ್ಚಿದ್ದು ಅದಲ್ಲ. ಎದುರಿನ ಅಂಗಡಿಯಲ್ಲಿ ಮಕ್ತುಮ್‌ಸಾಬ್ ಬೆನ್ನು ತಿರುಗಿಸಿ ಕುಳಿತು ಹೊಲಿಯುತ್ತಿದ್ದ. ಯಾವತ್ತೂ ರಸ್ತೆಯ ಕಡೆ ಮುಖಮಾಡಿ ಹೊಲಿಯುವ ಮನುಷ್ಯ ಅವನು.

ಮರುದಿನವೂ ಚಹಾಕ್ಕೆ ಬರಲಿಲ್ಲ. ಕೊನೆಗೆ ಯಂಕೋಬನೇ ಅಂಗಡಿಗೆ ಹೋಗಿ ಕತ್ತರಿಸಿದ ಬಟ್ಟೆಗಳ ರಾಶಿಯ ಪಕ್ಕದಲ್ಲಿ ಕುಳಿತ.

"ವಾಂತಿ ಸಂಗತಿ ಬಿಡು," ಎಂದ. "ಇನ್ನೊಂದೈತಿ. ನಾ ಹೈದರಾಬಾದ್ ನೋಡೇ ಇಲ್ಲ, ಮಕ್ತುಮ."

ಮಿಷನ್ನಿನ ಚಕ್ರ ನಿಂತಿತು. "ಇಮ್ಲಿಬನ್?"

"ಇಲ್ಲ."

"ಚಾರ್‌ಮಿನಾರ್?"

"ಕ್ಯಾಲೆಂಡರಿನ್ಯಾಗ ನೋಡೀನಿ."

ಮಕ್ತುಮ್‌ಸಾಬ್ ಸೂಜಿಯಿಂದ ದಾರ ಕಡಿದ. "ನಮ್ಮವ್ವನ ಕಣ್ಣಿನ ಆಪರೇಷನ್‌ಗೆ ಹೋದಾಗ ನೀ ಒಂದು ಚೀಟಿ ಬರದುಕೊಟ್ಟಿದ್ದಿ. ಎಲ್ಲಿ ಇಳೀಬೇಕು, ಎಲ್ಲಿ ಚಾ, ಎಲ್ಲಿ ಮೆಟ್ಟಲು ಇಲ್ಲದ ಬಾಗಿಲು. ಮುದುಕಿನ್ನ ಕೈಹಿಡಕೊಂಡು ಆ ಚೀಟಿ ನೋಡಿ ನಡದೆ. ಒಂದು ಹೆಜ್ಜಿ ತಪ್ಪಲಿಲ್ಲ." ಬಟ್ಟೆ ಮಡಿಚಿಡುತ್ತ ಸೇರಿಸಿದ. "ಒಂದು ತಪ್ಪಿತ್ತು. ಸೇತುವಿ ದಾಟಿ ಎಡಕ್ಕ ಅಂತ ಬರದಿದ್ದಿ, ಅದು ಬಲಕ್ಕ. ಯಂಕೋಬ ತಪ್ಪು ಬರಿಯಂಗಿಲ್ಲ, ನಂದs ತಲಿ ತಿರಗೈತಿ ಅಂತ ತಿಳಕೊಂಡು ಅರ್ಧಾ ತಾಸು ಎಡಕ್ಕs ಅಡ್ಡಾಡಿದೆ."

"ಹೇಳಬೇಕಿಲ್ಲೇನಲೇ, ತಿದ್ದಕೊಂತಿದ್ದೆ."

"ನೀ ವಾಂತಿ ಸಂಗತಿ ಹೇಳಿದ್ದಿ ಏನು ನನಗ?"

ಇಬ್ಬರಿಗೂ ಒಟ್ಟಿಗೇ ನಗು ಬಂತು. ಮಕ್ತುಮ್‌ಸಾಬ್ ಕಣ್ಣೊರೆಸಿಕೊಂಡು, ರಾಯಚೂರಿನಿಂದ ರೈಲಿದೆಯಲ್ಲ ಎಂದ. ಯಂಕೋಬ, ಬೇರೆ ಏನಾದರೂ ಆದೀತು, ಬಸ್ಸಿನ ಕಂಟ್ರೋಲರ್ ರೈಲಿನಲ್ಲಿ ಹೋಗಿ ಇಮ್ಲಿಬನ್ ನೋಡುವುದು ಆಗದ ಮಾತು ಎಂದ. ಹಾಗಾದರೆ ಬಸ್ಸನ್ನೇ ರೂಢಿ ಮಾಡಿಕೊಳ್ಳಿ ಎಂದು ಭಾರತಿ ಸಂಜೆ ತೀರ್ಪುಕೊಟ್ಟಳು. ಉಳಿದ ಆರು ದಿನದಲ್ಲಿ ಮೂರು ಪ್ರಯೋಗಗಳಾದವು.

ಮೊದಲನೆಯದು ಸಿಂಧನೂರಿನ ಬಸ್ಸು, ಕಿಟಕಿಯ ಸೀಟು, ಖಾಲಿ ಹೊಟ್ಟೆ. ಅರ್ಧ ದಾರಿಯಲ್ಲಿ ಯಂಕೋಬ, ಮಕ್ತುಮ್‌ಸಾಬ್ ಇಬ್ಬರೂ ಇಳಿದು ಕಾಲುವೆಯ ದಂಡೆಯ ಮೇಲೆ ಕುಳಿತರು. ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರಿನ ಮೇಲೆ ಮಸ್ಕಿಗೆ ಮರಳಿದರು. ಮೂಟೆಗಳ ಮೇಲೆ ಯಂಕೋಬ ದೊರೆಯಂತೆ ಕುಳಿತಿದ್ದ, ಹೊಟ್ಟೆ ಚಕಾರವೆತ್ತಲಿಲ್ಲ.

ಎರಡನೆಯದು ಔಷಧದಂಗಡಿಯ ಗುಳಿಗೆ. ವಾಂತಿ ಬರಲಿಲ್ಲ, ನಿದ್ದೆ ಬಂತು. ಸಿಂಧನೂರಿನಲ್ಲಿ ಮಕ್ತುಮ್‌ಸಾಬ್ ಅವನ ಕಂಕುಳಿಗೆ ಕೈಹಾಕಿ ಇಳಿಸಬೇಕಾಯಿತು. ನೋಡಿದವರೆಲ್ಲ ಬೇರೆ ಏನೋ ತಿಳಿದುಕೊಂಡರು. "ಇದನ್ನ ನುಂಗಿದ್ರ ಹೈದರಾಬಾದಿಗೆ ಹೊತಗೊಂಡು ಹೋಗಬೇಕಾಗ್ತದ ನಿಮ್ಮನೆಯವರನ್ನ," ಎಂದು ಮಕ್ತುಮ್‌ಸಾಬ್ ಭಾರತಿಗೆ ವರದಿ ಒಪ್ಪಿಸಿದ.

ಮೂರನೆಯದು ಲಿಂಗಸುಗೂರಿನ ಬಸ್ಸು. ಡ್ರೈವರ್ ಗೌಸ್‌ಸಾಬ್ ಹಳೆಯ ಪರಿಚಯದವನು. ತನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ನೆಟ್ಟಗೆ ರಸ್ತೆಯನ್ನೇ ನೋಡು ಎಂದ. ಊರು ಬಿಟ್ಟು ಸ್ವಲ್ಪ ದೂರಕ್ಕೇ ಯಂಕೋಬನ ಬಾಯಲ್ಲಿ ನೀರೂರತೊಡಗಿತು. ಕೈ ಕಿಟಕಿಯ ಸರಳಿಗೆ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕನೊಬ್ಬ ಅವನ ಖಾಕಿ ನೋಡಿ, "ಸಾಹೇಬ್ರ, ಸಂತೆಕೆಲ್ಲೂರು ಬಂತೇನ್ರಿ?" ಎಂದು ಕೇಳಿದ.

ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಯಂಕೋಬನಿಗೆ ಇರಲಾಗದು. ಹಲ್ಲುಕಚ್ಚಿ, "ಇನ್ನೂ ಇಲ್ಲ" ಎಂದ. ಮುದುಕನಿಗೆ ಅಷ್ಟು ಸಾಲದು. ಅಲ್ಲಿಂದ ಮುಂದೆ ಎಷ್ಟು ದೂರ, ತಿರುಗಿ ಬರಲು ಬಸ್ ಎಷ್ಟು ಗಂಟೆಗೆ, ಅದು ತಪ್ಪಿದರೆ ಮುಂದಿನದು ಯಾವುದು ಎಂದು ಕೇಳುತ್ತಲೇ ಹೋದ. ಯಂಕೋಬ ಹೇಳುತ್ತಲೇ ಹೋದ. ಹಿಂದಿನ ಸೀಟಿನವರೂ ಕೇಳಿದರು. ಅವರಿಗೂ ಹೇಳಿದ. ಬಸ್ ನಿಂತಾಗ ತಲೆಯೆತ್ತಿದರೆ ಲಿಂಗಸುಗೂರು ಬಂದುಬಿಟ್ಟಿತ್ತು. ಅಂಗಿ ಒಣಗಿತ್ತು, ಬಾಯಿಯೂ ಒಣಗಿತ್ತು.

ಗೌಸ್‌ಸಾಬ್ ಗೇರಿನ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನೋಡಿ, "ನಿನ್ನ ಬಾಯಿ ನಡೀತಿದ್ರ ಹೊಟ್ಟಿ ಸುಮ್ಮನ ಇರ್ತೈತಿ ನೋಡು" ಎಂದ.

ಹೀಗಾಗಿ, ಮ್ಯೂಸಿಯಂ ಶನಿವಾರಕ್ಕೆ ಇಟ್ಟುಕೊಂಡು, ಶುಕ್ರವಾರ ಬೆಳಿಗ್ಗೆ ಹೈದರಾಬಾದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತ ಯಂಕೋಬ ಹೊರಟ ಗಳಿಗೆಯಿಂದ ಬಾಯಿ ಮುಚ್ಚಲಿಲ್ಲ. ಜವಳಗೇರಾ, ಪೋತ್ನಾಳ, ಮಾನ್ವಿ, ಒಂದೊಂದು ಊರನ್ನೂ ಮೈಕಿನ ದನಿಯಲ್ಲೇ ಕೂಗಿದ. ಊರಿಗೆ ಊರು ದೂರವಿದ್ದಲ್ಲಿ ಹೊಲದಲ್ಲಿನ ಬೆಳೆಯನ್ನು ಹೇಳಿದ. ಆ ಬಸ್ಸಿನ ಡ್ರೈವರ್ ಹೊಸಬ, ಎರಡು ಸಲ ಕನ್ನಡಿಯಲ್ಲಿ ದುರುಗುಟ್ಟಿದ. ರಾಯಚೂರು ದಾಟಿದ ಮೇಲೆ ಕೃಷ್ಣೆಯ ಸೇತುವೆ ಬಂತು. ಅಲ್ಲಿ ಮಾತ್ರ ಯಂಕೋಬ ಸುಮ್ಮನಾದ. ನೀರು ಅಷ್ಟಗಲ ಹರಡಿಕೊಂಡಿತ್ತು.

"ಮಾತಾಡ್ರಿ," ಎಂದು ಭಾರತಿ ಮೊಣಕೈಯಿಂದ ತಿವಿದಳು.

"ಕೃಷ್ಣಾ," ಎಂದ. ಸೇತುವೆ ಮುಗಿಯುವವರೆಗೂ ಅದನ್ನೇ ಇನ್ನೆರಡು ಸಲ ಹೇಳಿದ.

ಮಖ್ತಲ್, ಮಹಬೂಬ್‌ನಗರ, ಶಾದನಗರ. ಹೈದರಾಬಾದ್ ಬರುವಷ್ಟರಲ್ಲಿ ಅವನ ಗಂಟಲು ಕೂತಿತ್ತು. ಬಸ್ಸಿನ ಹೆಂಗಸರು ಇಳಿಯುವಾಗ ಅವನಿಗೆ ಕೈಮುಗಿದು ಇಳಿದರು.

ಇಮ್ಲಿಬನ್‌ನಲ್ಲಿ ಅವನು ಸ್ವಂತ ಮನೆಗೆ ಬಂದವನಂತೆ ನಡೆದ. ನೀರು ಹೇಳಿದ ಮೂಲೆಯಲ್ಲೇ ಇತ್ತು. ಕಂಬದ ಹತ್ತಿರ ಗಾಳಿ ಬರುತ್ತಿತ್ತು. ಚಹಾದ ಹೋಟೆಲಿನಲ್ಲಿ ನಾಲ್ವರೂ ಬಿಸ್ಕತ್ತು ಅದ್ದಿ ತಿಂದರು. ಸೇತುವೆ ದಾಟಿದ ಮೇಲೆ ಮಕ್ತುಮ್‌ಸಾಬ್ ನಿಂತು, "ಎಡಕ್ಕೋ, ಬಲಕ್ಕೋ?" ಎಂದು ಗಂಭೀರವಾಗಿ ಕೇಳಿದ. ಯಂಕೋಬ ಬಲಕ್ಕೆ ತಿರುಗಿದ.

ಚಾರ್‌ಮಿನಾರ್ ಅವನ ತಲೆಯಲ್ಲಿ ಬಯಲಿನ ನಡುವೆ ಒಂಟಿಯಾಗಿ ನಿಂತಿತ್ತು. ಇಲ್ಲಿ ನೋಡಿದರೆ ಅದರ ಕಾಲಿಗೆ ಮುತ್ತಿಕೊಂಡಂತೆ ಗಾಡಿ, ಹಣ್ಣು, ಬಳೆ, ಚಪ್ಪಲಿ, ಸಾವಿರ ಮಂದಿ. ಎಷ್ಟು ಜನಕ್ಕೆ ಇದರ ದಾರಿ ಹೇಳಿದ್ದೆನೋ, ಅವರೆಲ್ಲ ಇಷ್ಟನ್ನೂ ನೋಡಿ ಬಂದು ಬರೀ "ಚಲೋ ಇತ್ರಿ" ಎಂದಷ್ಟೇ ಹೇಳಿದರಲ್ಲ ಎಂದು ಅವನಿಗೆ ಕೊಂಚ ಸಿಟ್ಟೂ ಬಂತು. ಹೆಂಗಸರು ಬಳೆ ಬಜಾರಿಗೆ ಹೋದರು. ಎರಡೂ ಕೈಗೆ ಸಾಕಾಗುವಷ್ಟು ಬಳೆ ಕೊಂಡು ಒಂದೂಕಾಲು ತಾಸಿನ ಮೇಲೆ ತಿರುಗಿ ಬಂದರೆ ಯಂಕೋಬ ಅದೇ ಜಾಗದಲ್ಲಿ ಕತ್ತೆತ್ತಿಕೊಂಡು ನಿಂತಿದ್ದ. ವೇಳಾಪಟ್ಟಿ ಅವನ ಜೇಬಿನಲ್ಲಿ ಮಡಿಚಿಕೊಂಡೇ ಇತ್ತು.

ಮರುದಿನ ಮಕ್ತುಮ್‌ಸಾಬನಿಗೆ ನಿಹಾರಿ ಸಿಕ್ಕಿತು. ಮ್ಯೂಸಿಯಂನಲ್ಲಿ ಹನ್ನೆರಡಕ್ಕೆ ಮೊದಲೇ ಗಡಿಯಾರದ ಮುಂದೆ ದೊಡ್ಡ ಗುಂಪು ಕುಳಿತಿತ್ತು. ಹಾಜಿರಾಬೀ ಸಂದಿಯಲ್ಲಿ ನುಗ್ಗಿ ಮುಂದಿನ ಸಾಲು ಹಿಡಿದಳು. ಸಣ್ಣ ಮನುಷ್ಯ ಹೊರಬಂದ, ಹನ್ನೆರಡು ಹೊಡೆದ, ಒಳಗೆ ಹೋದ. ಗುಂಪು ಎದ್ದಿತು. ಆಕೆ ಏಳಲಿಲ್ಲ.

"ಇನ್ನೊಂದು ಸಲ ನೋಡತೀನಿ," ಎಂದಳು.

ಒಂದು ತಾಸು ಕಾಯ್ದರು. ಒಂದು ಗಂಟೆಗೆ ಅವನು ಬಂದು ಒಂದೇ ಸಲ ಬಾರಿಸಿ ಒಳಗೆ ಹೋದ.

"ಒಂದs ಹೊಡದ," ಎಂದಳು ಹಾಜಿರಾಬೀ ನಂಬಲಾಗದೆ.

"ಒಂದು ಗಂಟೆಗೆ ಮತ್ತೆಷ್ಟು ಹೊಡೀಬೇಕಿತ್ತೇ," ಎಂದ ಮಕ್ತುಮ್‌ಸಾಬ್.

"ಇಷ್ಟು ದೂರದಿಂದ ಬಂದೀವಿ ಅಂತರ ಎರಡು ಹೊಡೀಬೇಕಿತ್ತು."

ಆಮೇಲೆ ಎಸಿ ಹೋಟೆಲಿನಲ್ಲಿ ಮೇಜಿನ ಎರಡೂ ಅಂಚು ದಾಟಿದ ದೋಸೆ ಬಂದಾಗ ಆಕೆ ಗಡಿಯಾರದವನನ್ನು ಕ್ಷಮಿಸಿದಳು. ಯಂಕೋಬ ಮಾತ್ರ ಬರೀ ಮಜ್ಜಿಗೆ ಕುಡಿದ. ಮುಂದೆ ಬೋಟು ಇತ್ತು.

ಬೋಟಿನಲ್ಲಿ ಅವನು ಭಾರತಿಯ ಪಕ್ಕ ಕುಳಿತು ಕಂಬಿ ಹಿಡಿದುಕೊಂಡ. ದಂಡೆ ಬಿಟ್ಟ ಕೂಡಲೇ, ಗಾಳಿ ಬಡಿಯುತ್ತಿದ್ದರೂ, ಬೋಟು ತೊಟ್ಟಿಲಿನಂತೆ ತೂಗತೊಡಗಿತು. ಮಾತಿಗೆ ಶುರುಮಾಡಬೇಕೆಂದು ಬಾಯಿ ತೆರೆದ. ಏನು ಹೇಳುವುದು? ನೀರಿನ ಮೇಲೆ ಊರಿಲ್ಲ, ಕ್ರಾಸಿಲ್ಲ, ನಿಲುಗಡೆಯಿಲ್ಲ. ನಡುವೆ ಎತ್ತರವಾಗಿ ಬುದ್ಧ ನಿಂತಿದ್ದ, ಅವನಿಗೆ ಯಾರೂ ದಾರಿ ಹೇಳಬೇಕಾಗಿರಲಿಲ್ಲ.

"ಭಾರತಿ, ಆಗಂಗಿಲ್ಲ," ಎಂದ.

"ಆಗಲಿ ಬಿಡ್ರಿ," ಎಂದಳು ಅವಳು, ಅವನ ಬೆನ್ನಿನ ಮೇಲೆ ಕೈಯಿಟ್ಟು. "ಎಷ್ಟು ವರ್ಷ ತಡಕೊಂಡು ಕೂಡ್ತೀರಿ."

ಯಂಕೋಬ ಕಂಬಿಯಾಚೆ ಬಗ್ಗಿದ. ಮಜ್ಜಿಗೆ ಹೋಯಿತು. ಬೋಟಿನವರು ಒಂದಿಬ್ಬರು ನೋಡಿದರು, ಒಬ್ಬ ಹೆಂಗಸು ನೀರಿನ ಬಾಟಲಿ ಕೊಟ್ಟಳು, ಉಳಿದವರು ಬುದ್ಧನ ಫೋಟೋ ತೆಗೆದುಕೊಳ್ಳುವುದರಲ್ಲಿದ್ದರು. ಇಡೀ ಬಸ್ ನಿಲ್ದಾಣ ನಗುತ್ತದೆಂದು ಇಪ್ಪತ್ತಾರು ವರ್ಷ ಹೆದರಿದ ಸಂಗತಿ ಅಷ್ಟರಲ್ಲೇ ಮುಗಿದುಹೋಯಿತು. ಬಂಡೆಯ ಮೇಲೆ ಇಳಿದಾಗ ಭಾರತಿ ಚಪ್ಪಲಿ ಬಿಟ್ಟು ಬುದ್ಧನ ಪಾದದ ಹತ್ತಿರ ಹೋಗಿ ಹಣೆ ಹಚ್ಚಿದಳು, ಎಷ್ಟೋ ಹೊತ್ತು ಹಾಗೇ ನಿಂತಳು. ಅವಳ ಚಪ್ಪಲಿ ಕಾಯುತ್ತ ನಿಂತ ಯಂಕೋಬನಿಗೆ ಎದೆ ಹಗುರವಾಗಿತ್ತು. ವಾಪಸು ಬರುವಾಗ ಮತ್ತೊಮ್ಮೆ ಬಗ್ಗಿದ, ಈ ಸಲ ನಾಚಿಕೆಯಿಲ್ಲದೆ.

ಸಂಜೆ ಬಿರಿಯಾನಿಯ ಹೋಟೆಲಿನಲ್ಲಿ ಅವನಿಗೆ ಹಿಂದೆಂದೂ ಇಲ್ಲದ ಹಸಿವಾಯಿತು. ಒಂದು ತಟ್ಟೆ ಮುಗಿಸಿ, ಹಾಜಿರಾಬೀ ಬೇಡವೆಂದು ಸರಿಸಿದ್ದನ್ನೂ ಮುಗಿಸಿ, ಭಾರತಿಯ ತಟ್ಟೆಯ ಕಡೆ ನೋಡಿದ. ಅವಳು ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಇಷ್ಟು ವರ್ಷ ಇದರ ರುಚಿ ಹೆಂಗ ಅಂತ ಹೇಳ್ತಿದ್ದಿ ಮಂದಿಗೆ?" ಎಂದು ಮಕ್ತುಮ್‌ಸಾಬ್ ಕೇಳಿದ.

"ಖಾರ ಐತಿ ಅಂತ ಹೇಳ್ತಿದ್ದೆ," ಎಂದ ಯಂಕೋಬ, ಬೆರಳು ನೆಕ್ಕುತ್ತ. "ಅಷ್ಟೊಂದೇನಿಲ್ಲ."

ಊರಿಗೆ ಬಂದ ಮೇಲೆ ಹೆಚ್ಚೇನೂ ಬದಲಾಗಲಿಲ್ಲ. ಡ್ರೈವರುಗಳು ಒಂದು ವಾರ ಚೇಷ್ಟೆ ಮಾಡಿ ಬಿಟ್ಟರು. ಬದಲಾದವರು ಹೆಂಗಸರು. ಸಂಕ್ರಾಂತಿಯ ರಜೆಗೆ ಭಾರತಿ, ಹಾಜಿರಾಬೀ ಇಬ್ಬರೂ ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಹೊರಟರು. ಗಂಡಂದಿರನ್ನು ಬರುವಿರಾ ಎಂದು ಕೇಳಲಿಲ್ಲ. ಎಲ್ಲಿ ಇಳಿಯಬೇಕು, ಏನು ತಿನ್ನಬೇಕು ಎಂದು ಯಂಕೋಬನನ್ನೂ ಕೇಳಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದು, ಕಿಟಕಿಯ ಮುಂದೆಯೇ ಹಾದು, ಮಾತಾಡುತ್ತ ಮಾತಾಡುತ್ತ ಬಸ್ ಹತ್ತಿ ಎಡಗಡೆಯ ಸೀಟಿನಲ್ಲಿ ಕುಳಿತರು. ಯಂಕೋಬ ಕನ್ನಡಕ ಸರಿಮಾಡಿಕೊಂಡು ಮೈಕಿನ ಗುಂಡಿ ಒತ್ತಿದ. ಎರಡು ಸಲ ಕೂಗಬೇಕಾದ ವಿಜಯಪುರದ ಬಸ್ಸನ್ನು ಅಂದು ಮೂರು ಸಲ ಕೂಗಿದ. ಮೂರನೆಯ ಸಲಕ್ಕೆ ಹಾಜಿರಾಬೀ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ, ಕೇಳಿಸಿತು ಎಂಬಂತೆ ಬಳೆ ಆಡಿಸಿದಳು.